ವಿಲ್ಟ್ ಚೇಂಬರ್ಲೇನ್ ಈಗ ಆಡಿದ್ದರೆ?

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದೇ ಪಂದ್ಯಕ್ಕೆ 100 ಪಾಯಿಂಟ್ ಹೊಡೆದ ವಿಲ್ಟ್ ಚೇಂಬರ್ಲೇನ್ ಬಗ್ಗೆ ಮನೆಯಲ್ಲಿ ದಿನಾ ಜಗಳ. 'ಆಗ ಎದುರಿಗಿದ್ದವರೆಲ್ಲ ಕುಳ್ಳರು, ಈಗ ಬಂದಿದ್ದರೆ ಬೆಂಚು ಕಾಯಬೇಕಿತ್ತು' ಅಂತಾನೆ ಮಗ. ಹೌದಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಬೆಂಚಾ? ಚಾನ್ಸೇ ಇಲ್ಲ. ಹಾಗಂತ ಈಗಲೂ ನೂರು ಹೊಡೀತಿದ್ದ ಅಂತ ನೀವು ವಾದ ಮಾಡುತ್ತಿದ್ದರೆ ಅದನ್ನೂ ನಾನು ಒಪ್ಪಲ್ಲ.

ಮೊದಲು ಈ ಕುಳ್ಳರ ಕಥೆ. 1962ರ ಮಾರ್ಚ್ 2ರಂದು ಹರ್ಷಿ ಊರಿನಲ್ಲಿ ವಿಲ್ಟ್ ಆ ನೂರು ಹೊಡೆದಾಗ ಎದುರು ನ್ಯೂಯಾರ್ಕ್ ತಂಡದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಆಗಿದ್ದ ಡ್ಯಾರಲ್ ಇಮ್‌ಹಾಫ್ 6 ಅಡಿ 10 ಇಂಚು. ಬಾಸ್ಟನ್ ತಂಡದ ಸೆಂಟರ್ ಬಿಲ್ ರಸೆಲ್ ಕೂಡ ಹೆಚ್ಚುಕಮ್ಮಿ ಅಷ್ಟೇ. ವಿಲ್ಟ್ 7 ಅಡಿ 1 ಇಂಚು. ಮೂರು ಇಂಚಿನ ವ್ಯತ್ಯಾಸಕ್ಕೆ ನೂರು ಪಾಯಿಂಟ್ ಬರುತ್ತಾ?

ಅಸಲಿ ವಿಷಯ ಆಟದ ವೇಗದಲ್ಲಿದೆ. ಆಗ ಒಂದೊಂದು ತಂಡ ಪಂದ್ಯಕ್ಕೆ ನೂರಕ್ಕಿಂತ ಜಾಸ್ತಿ ಸಲ ಬುಟ್ಟಿಗೆ ಎಸೆಯುತ್ತಿತ್ತು, ಈಗ ಅದು 90ರ ಆಸುಪಾಸು. ಆ ಸೀಸನ್ನಿನಲ್ಲಿ ವಿಲ್ಟ್ ಒಬ್ಬನೇ ಪಂದ್ಯಕ್ಕೆ ಸುಮಾರು 40 ಸಲ ಎಸೆದಿದ್ದಾನೆ, ಹರ್ಷಿಯಲ್ಲಂತೂ 63 ಸಲ! ಪಂದ್ಯ ಇರೋದು 48 ನಿಮಿಷ, ಅವನು ಆಡಿದ ಸರಾಸರಿ 48.5, ಯಾಕಂದ್ರೆ ಓವರ್‌ಟೈಮಿನಲ್ಲೂ ಹೊರಗೆ ಬರುತ್ತಿರಲಿಲ್ಲ. ಸರಾಸರಿ 50.4 ಪಾಯಿಂಟ್ ಹುಟ್ಟಿದ್ದು ಹೀಗೆ. ಇವತ್ತಿನ ಯಾವ ಕೋಚ್ ಒಬ್ಬನಿಗೆ ಅಷ್ಟು ಬಿಟ್ಟುಕೊಡ್ತಾನೆ ಹೇಳಿ.

ಅವನಿಗೆ ಕಷ್ಟ ಆಗೋದು ಎಲ್ಲಿ ಅಂದರೆ ಬುಟ್ಟಿಯಿಂದ ದೂರ. ವಿಲ್ಟ್ ಕಾಲದಲ್ಲಿ ಎನ್‌ಬಿಎಯಲ್ಲಿ ಮೂರು ಪಾಯಿಂಟಿನ ಗೆರೆಯೇ (ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ಇರಲಿಲ್ಲ, ಬಂದಿದ್ದು 1979ರಲ್ಲಿ. ಈಗ ನಿಕೋಲಾ ಯೋಕಿಚ್ ತರಹದ ಸೆಂಟರ್ ಆ ಗೆರೆಯ ಹತ್ತಿರ ನಿಂತು ಪಾಸ್ ಕೊಡ್ತಾನೆ, ಅಲ್ಲಿಂದಲೇ ಹೊಡೀತಾನೆ. ಅವನನ್ನು ತಡೆಯಲು ವಿಲ್ಟ್ ಹೊರಗೆ ಬಂದರೆ ಬುಟ್ಟಿಗೆ ಕಾವಲಿಲ್ಲ, ಬರದಿದ್ದರೆ ಮೂರು ಪಾಯಿಂಟ್ ದಾನ. ಇನ್ನು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಯಾರೂ ಅಡ್ಡ ಬರದೆ ಎಸೆಯೋ ಅವಕಾಶ, ಅದಂತೂ ದೊಡ್ಡ ತಲೆನೋವು. ಇಡೀ ವೃತ್ತಿಜೀವನದಲ್ಲಿ ಶೇ 51 ಮಾತ್ರ ಒಳಗೆ. ಬೇಕಂತಲೇ ಫೌಲ್ ಮಾಡಿ ಫ್ರೀ ಥ್ರೋ ಗೆರೆಗೆ ಕಳಿಸ್ತಾರೆ. ತಮಾಷೆ ಏನಂದ್ರೆ ಆ 100ರ ಪಂದ್ಯದಲ್ಲಿ 32ಕ್ಕೆ 28 ಹಾಕಿದ್ದ, ಎರಡೂ ಕೈಯಲ್ಲಿ ಚೆಂಡು ಹಿಡಿದು ಮಂಡಿಯ ಹತ್ತಿರದಿಂದ ಮೇಲಕ್ಕೆ ತೂರಿ. ಆ ವರ್ಷ ಅವನ ಫ್ರೀ ಥ್ರೋ ಶೇ 61, ಅವನ ಮಟ್ಟಿಗೆ ಅದೇ ದಾಖಲೆ. ಆಮೇಲೆ ಹಾಗೆ ಎಸೆಯೋದಕ್ಕೆ ನಾಚಿಕೆ ಅಂತ ಬಿಟ್ಟೇಬಿಟ್ಟ!

ಆದರೆ ನಿಮ್ಮ ಮಗನಿಗೆ 1962ರ ವಿಲ್ಟ್ ಬದಲು 1972ರ ವಿಲ್ಟನ್ನು ತೋರಿಸಿ. ಅವನ ಆಗಿನ ತಂಡ ಲೇಕರ್ಸ್ ಸತತ 33 ಪಂದ್ಯ ಗೆದ್ದು ಚಾಂಪಿಯನ್ ಆದ ಸೀಸನ್ ಅದು. ಆಗ ಆತ ಪಾಯಿಂಟಿನ ಹಿಂದೆ ಬೀಳೋದನ್ನು ಬಿಟ್ಟಿದ್ದ. ರೀಬೌಂಡ್ (ಒಳಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿ, ಓಡುವವರಿಗೆ ಚೆಂಡು ಎಸೆ, ಬುಟ್ಟಿ ಕಾಯಿ, ಅಷ್ಟೇ ಕೆಲಸ. ಮರುವರ್ಷ, 36ರ ವಯಸ್ಸಿನಲ್ಲಿ, ಎಸೆದದ್ದರಲ್ಲಿ ಶೇ 72.7 ಒಳಗೆ. ಇವತ್ತಿನ ತಂಡಗಳು ಸೆಂಟರ್‌ನಿಂದ ಕೇಳೋದು ಸುಮಾರು ಇದನ್ನೇ ಅಲ್ವಾ? ಅದಕ್ಕೂ ಮೊದಲು, 1967-68ರಲ್ಲಿ, ಇಡೀ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಸಿಸ್ಟ್ (ಜೊತೆಗಾರನಿಗೆ ಪಾಯಿಂಟ್ ತಂದುಕೊಡುವ ಪಾಸ್) ಕೊಟ್ಟಿದ್ದೂ ಇವನೇ. ಕಾಲೇಜಿನಲ್ಲಿ ಹೈಜಂಪ್ ಮಾಡುತ್ತಿದ್ದ ದೇಹ, ಈಗಿನಂತೆ ಬುಟ್ಟಿಯ ಸುತ್ತ ಜಾಗ ಖಾಲಿ ಸಿಕ್ಕಿಬಿಟ್ಟರೆ ಮೇಲೆ ಎಸೆದ ಪಾಸನ್ನೆಲ್ಲ ಡಂಕ್ ಮಾಡಿ (ಎಗರಿ ಮೇಲಿಂದ ಬುಟ್ಟಿಗೆ ತುರುಕಿ) ಮುಗಿಸ್ತಿದ್ದ. ನನ್ನ ಅಂದಾಜು ಪಂದ್ಯಕ್ಕೆ 25 ಪಾಯಿಂಟ್, 14 ರೀಬೌಂಡ್. ಲೀಗಿನ ಅತ್ಯುತ್ತಮರ ಆಲ್‌ಸ್ಟಾರ್ ತಂಡದಲ್ಲಿ ಜಾಗ ಗ್ಯಾರಂಟಿ.

ಪ್ರಶ್ನೆ: ಅದೆಲ್ಲ ಇರಲಿ, ವಿಲ್ಟ್ ಒಟ್ಟು ಎಷ್ಟು ಬ್ಲಾಕ್ (ಎದುರಾಳಿಯ ಎಸೆತ ತಡೆಯೋದು) ಮಾಡಿದ್ದಾನೆ? ಎಲ್ಲಿ ಹುಡುಕಿದರೂ ಸಿಗ್ತಿಲ್ಲ.
– ಇನ್ನೊಬ್ಬ ಓದುಗರು, ಮಂಡ್ಯ

ಉತ್ತರ: ಸಿಗಲ್ಲ ಬಿಡಿ. ಎನ್‌ಬಿಎ ಬ್ಲಾಕ್ ಎಣಿಸಲು ಶುರು ಮಾಡಿದ್ದು 1973-74ರ ಸೀಸನ್ನಿನಲ್ಲಿ. ವಿಲ್ಟ್ ಅಲ್ಲಿ ಕೊನೆಯ ಪಂದ್ಯ ಆಡಿದ್ದು 1973ರ ಮೇ ತಿಂಗಳಲ್ಲಿ.