ಅಂಗಳದ ನಳ ಸೋರಿದರೆ ವಾಷರ್ ಬದಲಿಸಬೇಕೇ, ನಳವನ್ನೇ ಬದಲಿಸಬೇಕೇ?

ಕಲಬುರಗಿಯ ತಮ್ಮ ಮನೆಯ ಅಂಗಳದಲ್ಲಿರುವ ಹಳೆಯ ಹಿತ್ತಾಳೆ ನಳವು ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುತ್ತದೆ, ಹೊಸದನ್ನೇ ಹಾಕಿಸಬೇಕೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಬೇಕಾಗುವುದಿಲ್ಲ. ಮುಚ್ಚಿದಾಗಲೂ ಬಾಯಿಯಿಂದ ಹನಿಯುವ ನಳದಲ್ಲಿ ಸಾಮಾನ್ಯವಾಗಿ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿನ ನಟ್ಟನ್ನು ತುಸು ಬಿಗಿಗೊಳಿಸಿ ನೋಡಬೇಕು.

ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಟ್ಟು, ಪಾನಾದಿಂದ ನಳದ ಮೇಲ್ಭಾಗವನ್ನು ಬಿಚ್ಚಿರಿ. ಶಹಾಬಾದ್ ಕಲ್ಲು ಸಿಗುವ ನಮ್ಮ ಸುಣ್ಣಕಲ್ಲಿನ ಸೀಮೆಯಲ್ಲಿ ಬೋರ್‌ವೆಲ್ ನೀರು ಗಡಸಾಗಿರುವುದರಿಂದ, ವಾಷರ್ ಕೂರುವ ಹಿತ್ತಾಳೆಯ ಅಂಚಿನ ಮೇಲೆ ಬಿಳಿಯ ಪೊರೆ ಕಟ್ಟಿರುತ್ತದೆ. ಅದನ್ನು ನಿಂಬೆರಸದಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ತೆಗೆಯದೆ ಹೊಸ ವಾಷರ್ ಕೂರಿಸಿದರೆ ಹನಿಯುವುದು ನಿಲ್ಲುವುದಿಲ್ಲ. ಈ ಕೆಲಸವನ್ನು ಅವಸರಿಸಬೇಡಿರಿ. ತೊಳೆದ ಬಳಿಕ ಬೆರಳಾಡಿಸಿದಾಗ ಅಂಚಿನಲ್ಲಿ ಕುಳಿಯೋ ಆಳವಾದ ಗೀರೋ ತಗುಲಿದರೆ ಆಗ ನಳವನ್ನೇ ಬದಲಿಸುವುದು ಸರಿ.

ಮನೆಯ ನಳಗಳು ಹೆಚ್ಚಾಗಿ ಅರ್ಧ ಇಂಚಿನವು, ಅಂದರೆ 15 ಮಿ.ಮೀ. ಅಳತೆಯವು. ಹಳೆಯದನ್ನು ಬಿಚ್ಚುವಾಗ, ಗೋಡೆಯಿಂದ ಹೊರಬಂದ ಪೈಪನ್ನು ಇನ್ನೊಂದು ಪಾನಾದಿಂದ ಅಲುಗದಂತೆ ಹಿಡಿಯದಿದ್ದರೆ, ಒಳಗಿನ ಜೋಡಣೆ ಸಡಿಲಗೊಂಡು ಗೋಡೆಯನ್ನೇ ಒಡೆಯಬೇಕಾದೀತು. ಹೊಸ ನಳದ ಥ್ರೆಡ್ಡನ್ನು ತಮ್ಮ ಕಡೆಗೆ ಹಿಡಿದು, ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದು ಸುತ್ತಬೇಕು. ತಿರುವುಮುರುವಾದರೆ ನಳ ಕೂರಿಸುವಾಗಲೇ ಅದು ಬಿಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಲ್ಲಿನ ಬಿಸಿಲಿಗೆ ಪ್ಲಾಸ್ಟಿಕ್ ನಳ ಪೆಡಸಾಗಿ ಬಿರಿಯುವುದರಿಂದ, ಅಂಗಳಕ್ಕೆ ಹಿತ್ತಾಳೆಯದನ್ನೇ ಕೊಳ್ಳಿರಿ.