ಮಿಲಿಟರಿಯಲ್ಲಿದ್ದ, ಬೈಕ್ ಹುಚ್ಚಿದ್ದ ಅಪ್ಪನ ಬಗ್ಗೆ ಏನಂತ ಬರೆಯೋದು?

ನಿಮ್ಮ ತಂದೆ ತೀರಿಕೊಂಡು ವರ್ಷ ಆಗ್ತಾ ಬಂದಿದೆ. ಸೈನ್ಯದಲ್ಲಿದ್ದವರು, ಹಳೇ ಜಾವಾ ಇಟ್ಟುಕೊಂಡಿದ್ದವರು. ವರ್ಷದ ತಿಥಿಗೆ ಬರುವ ನೆಂಟರ ಮುಂದೆ ಓದೋಕೆ ಏನಾದರೂ ಬರೆಯಬೇಕು, ಎರಡು ಸಾಲಿಗಿಂತ ಮುಂದೆ ಹೋಗುತ್ತಿಲ್ಲ, ಜೊತೆಗೆ ಆ ಬೈಕನ್ನು ಏನು ಮಾಡೋದು ಅಂತ ಕೇಳಿದ್ದೀರಿ.

ಮೊದಲಿಗೆ, "ಅಪ್ರತಿಮ ದೇಶಭಕ್ತ, ಆದರ್ಶ ಪತಿ, ವಾತ್ಸಲ್ಯಮಯಿ ತಂದೆ" ಅಂತ ಶುರು ಮಾಡಬೇಡಿ. ಅದು ಫ್ಲೆಕ್ಸ್ ಭಾಷೆ, ಫೋಟೋ ಒಂದು ಬದಲಾಯಿಸಿದರೆ ಯಾರ ತಂದೆಗಾದರೂ ಸರಿಹೋಗುತ್ತದೆ. ನೀವು ಎರಡು ಸಾಲಿಗೆ ನಿಂತುಹೋಗಿರೋದು ಅದಕ್ಕೇ ಅಂತ ನನ್ನ ಅನುಮಾನ. ಸೈನಿಕ, ಗೃಹಸ್ಥ, ಬೈಕ್ ಪ್ರೇಮಿ ಅಂತ ಮೂರು ಭಾಗ ಮಾಡಿಕೊಂಡು ಕೂತರೂ ಬರೆಯೋಕೆ ಆಗಲ್ಲ. ಮನೆಯಲ್ಲಿ ಓಡಾಡಿಕೊಂಡಿದ್ದದ್ದು ಒಬ್ಬರೇ ಮನುಷ್ಯ ಅಲ್ವಾ.

ನಮ್ಮ ಅಪ್ಪಾಜಿಯೂ ಇದೇ ಥರದವರು. ಮಂಡ್ಯ ಕಡೆ ಹಳ್ಳಿಯವರು, ಸೈನ್ಯದ ಸಂದೇಶ ವಿಭಾಗ ಸಿಗ್ನಲ್ಸ್‌ನಲ್ಲಿ ಡಿಸ್ಪ್ಯಾಚ್ ರೈಡರ್ ಆಗಿದ್ದರು, ಪಿಂಚಣಿ ಬರುವಷ್ಟು ಸರ್ವೀಸ್ ಮುಗಿಸಿ ಮೈಸೂರಿಗೆ ಬಂದು ಮನೆ ಮಾಡಿದರು. ಊರಲ್ಲಿ ನಮ್ಮದು ಇವತ್ತಿಗೂ "ಮಿಲ್ಟ್ರಿಯೋರ ಮನೆ". ಅವರ ಹೆಸರು ಹೇಳಿದರೆ ಹೊಸಬರಿಗೆ ಗೊತ್ತಾಗಲ್ಲ, ಮಿಲ್ಟ್ರಿಯೋರು ಅಂದರೆ ದಾರಿ ತೋರಿಸುತ್ತಾರೆ.

ಡಿಸ್ಪ್ಯಾಚ್ ರೈಡರ್ ಅಂದರೆ ಏನು ಅಂತ ನಮ್ಮ ಮನೆಯಲ್ಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ವೈರ್‌ಲೆಸ್‌ನಲ್ಲಿ ಹೇಳಿದ್ದನ್ನು ಶತ್ರು ಕದ್ದು ಕೇಳಬಹುದು, ಟೆಲಿಫೋನ್ ತಂತಿ ಶೆಲ್ ಬಿದ್ದು ತುಂಡಾಗಬಹುದು. ಹಾಗಾಗಿ ಕೆಲವು ಕಾಗದಗಳನ್ನು ಮೊಹರು ಹಾಕಿ, ಒಬ್ಬನ ಕೈಗೆ ಕೊಟ್ಟು, ಮೋಟಾರ್ ಸೈಕಲ್ ಮೇಲೆ ಹೆಡ್‌ಕ್ವಾರ್ಟರಿನಿಂದ ಯೂನಿಟ್ಟಿಗೆ ಕಳಿಸುತ್ತಾರೆ. ಯುದ್ಧದ ಹೊತ್ತಲ್ಲಿ ರಾತ್ರಿ ಹೋಗುವಾಗ ದೀಪ ಹಾಕುವಂತಿಲ್ಲ. 1971ರಲ್ಲಿ ಡಿಸೆಂಬರ್ 3ಕ್ಕೆ ಯುದ್ಧ ಶುರುವಾಗಿ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತಲ್ಲ, ಆ ದಿನಗಳಲ್ಲಿ ಅಪ್ಪಾಜಿ ಪಶ್ಚಿಮ ಗಡಿಯಲ್ಲಿದ್ದರು. ಯುದ್ಧ ಹೇಗಿತ್ತು ಅಂತ ಕೇಳಿದರೆ ಬೈಕಿನ ಕಾರ್ಬೊರೇಟರ್ ಬಗ್ಗೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗದ ಬಗ್ಗೆ ಹೇಳೋರು. ಮರಳು ಹೇಗೆ ಒಳಗೆ ಹೋಗುತ್ತೆ, ಚಳೀಲಿ ಬೆರಳು ಸೆಟೆದುಕೊಂಡಾಗ ಅದರೊಳಗಿನ ಜೆಟ್ ಅನ್ನೋ ಸಣ್ಣ ತೂತಿನ ತಿರುಪು ಹೇಗೆ ಬಿಚ್ಚೋದು, ಒಬ್ಬ ಸರ್ದಾರ್ಜಿ ಚಹಾ ಕೊಟ್ಟಿದ್ದು, ಇಷ್ಟೇ. ಗುಂಡಿನ ವಿಷಯ ಇಲ್ಲ, ಸತ್ತವರ ವಿಷಯ ಇಲ್ಲ. ನಾವು ಹುಡುಗರಿಗೆ ಬೇಜಾರಾಗಿ ಎದ್ದು ಹೋಗುತ್ತಿದ್ದೆವು. ಈಗ ಅನ್ನಿಸುತ್ತೆ, ಅವರು ಹೇಳಿದ ಯುದ್ಧ ಅದೇ. ನೆಂಟರ ಮುಂದೆ ಓದುವಾಗ ನಾನು ಓದಿದ್ದು ಕಾರ್ಬೊರೇಟರ್ ಕಥೆಯನ್ನೇ. ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರೇ ತಮಗೆ ಗೊತ್ತಿದ್ದದ್ದು ಹೇಳೋಕೆ ಶುರು ಮಾಡಿದರು.

ಸೈನ್ಯದಲ್ಲಿ ಅವರಿಗೆ ಕೊಟ್ಟಿದ್ದು ಬುಲೆಟ್. ಆ ಕಾಲದ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಮ್ಮ ಚಿಕ್ಕಪ್ಪನ ಹತ್ತಿರ ಇದ್ದದ್ದು ಜಾವಾ, ಅದರಲ್ಲಿ ಎಲ್ಲಾ ಉಲ್ಟಾ. ರಜೆಗೆ ಬಂದ ಮೊದಲ ದಿನ ಅಪ್ಪಾಜಿ ಬ್ರೇಕ್ ಅಂದುಕೊಂಡು ಗೇರ್ ಒತ್ತಿ, ಸಂತೆಗೆ ಹೊರಟ ಎಮ್ಮೆ ಮುಂದೆ ಹೋಗಿ ನಿಂತರಂತೆ. ಇದನ್ನು ಚಿಕ್ಕಪ್ಪ ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಯಾಕಂದರೆ ಅಪ್ಪಾಜಿ ಸಾಯುವವರೆಗೂ ಒಪ್ಪಿಕೊಳ್ಳಲಿಲ್ಲ, ಎಮ್ಮೆಯದೇ ತಪ್ಪು ಅನ್ನೋರು.

ಬುಲೆಟ್ ಓಡಿಸಿದ ಅಪ್ಪಾಜಿ ಆಮೇಲೆ ತಾವೂ ಜಾವಾನೇ ಯಾಕೆ ತಗೊಂಡರು ಅಂತ ಬೆಂಗಳೂರಿನವರು ಕೇಳುತ್ತಾರೆ. ಮೈಸೂರಿನವರು ಕೇಳಲ್ಲ. ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದದ್ದೇ ಯಾದವಗಿರಿಯಲ್ಲಿ. ಚೆಕೊಸ್ಲೊವಾಕಿಯಾದ ಗಾಡಿ, ಇರಾನಿ ಕುಟುಂಬದ ಕಂಪನಿ, ಜಯಚಾಮರಾಜ ಒಡೆಯರ್ ಅವರ ಬೆಂಬಲ. 1961ರಲ್ಲಿ ಇಲ್ಲಿ ಗಾಡಿ ತಯಾರಾಗೋಕೆ ಶುರುವಾಯಿತು, 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಕೆಲಸ ಮಾಡಿದವರು ಒಬ್ಬರಾದರೂ ಇಲ್ಲದ ಬೀದಿ ನಮ್ಮ ಕಡೆ ಕಡಿಮೆ. ಸ್ಪೇರ್ ಸಿಗುತ್ತಿತ್ತು, ಕೈಯಲ್ಲಿ ಸುತ್ತಿಗೆ ಹಿಡಿದವರೆಲ್ಲಾ ರಿಪೇರಿ ಮಾಡೋರು. ಹಳೇ ಜಾವಾದಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಹೊಸಬರ ಕೈಗೆ ಗಾಡಿ ಕೊಟ್ಟು ಅವರು ಗೇರ್ ಎಲ್ಲಿ ಅಂತ ಹುಡುಕೋದನ್ನು ನೋಡೋದು ಅಪ್ಪಾಜಿಗೆ ಇದ್ದ ಒಂದೇ ಚಟ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಇದೊಂದು.

ಮಿಲಿಟರಿ ಕ್ಯಾಂಟೀನ್ ರಮ್ಮನ್ನು ಚಟ ಅಂತ ಲೆಕ್ಕ ಹಾಕಬಾರದಂತೆ, ಅದು ರೇಷನ್.

ಈಗ ನಿಮ್ಮ ಕೆಲಸಕ್ಕೆ ಬರೋಣ. ಟ್ರಂಕ್ ತೆಗೆಯಿರಿ. ಕಪ್ಪು ಟ್ರಂಕು, ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹೆಸರು ಬರೆದಿರುವಂಥದ್ದು ಖಂಡಿತ ಇರುತ್ತೆ. ಒಳಗೆ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯ ಬಿಡುವಾಗ ಕೊಡುವ ಪುಸ್ತಕ, ಹುಡುಕಿ. ಯಾವಾಗ ಸೇರಿದರು, ಯಾವ ಟ್ರೇಡು ಅಂದರೆ ಯಾವ ಕೆಲಸ, ಯಾವ ಯಾವ ಕೋರ್ಸು, ಯಾವ ಮೆಡಲ್, ಯಾರು ನಾಮಿನಿ, ಎಲ್ಲಾ ಅದರಲ್ಲಿರುತ್ತೆ. ಮೆಡಲ್ ಸಿಕ್ಕರೆ ಅಂಚನ್ನೂ ಹಿಂಬದಿಯನ್ನೂ ಬೆಳಕಿಗೆ ಹಿಡಿದು ನೋಡಿ, ಅವರ ನಂಬರು, ಹೆಸರು ಅಲ್ಲಿ ಕೊರೆದಿರಬಹುದು. ಸೈನ್ಯದಲ್ಲಿದ್ದವರ ಮಕ್ಕಳಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. 1971ರ ಯುದ್ಧದಲ್ಲಿ ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು. ಯಾವುದಿದೆ ಅಂತ ನೋಡಿದರೆ ಅವರು ಬಾಯಿಬಿಟ್ಟು ಹೇಳದ ವಿಷಯ ನಿಮಗೇ ಗೊತ್ತಾಗುತ್ತೆ.

ಅದಕ್ಕಿಂತ ಮುಖ್ಯ ನಿಮ್ಮ ಅಮ್ಮನ ಜೊತೆ ಕೂರೋದು. ಟೀ ಮಾಡಿಕೊಟ್ಟು ಸುಮ್ನೆ ಕೂತುಕೊಳ್ಳಿ, "ಅಪ್ಪನ ಬಗ್ಗೆ ಹೇಳು" ಅಂತ ಕೇಳಬೇಡಿ, ಹಾಗೆ ಕೇಳಿದರೆ ಅಳುತ್ತಾರೆ ಅಥವಾ ಹೊಗಳುತ್ತಾರೆ, ಎರಡರಿಂದಲೂ ಉಪಯೋಗ ಇಲ್ಲ. "ಆಗ ಮನಿಯಾರ್ಡರ್ ಎಷ್ಟು ಬರ್ತಿತ್ತು" ಅಂತ ಕೇಳಿ. ನಮ್ಮಮ್ಮ ಇದೊಂದು ಪ್ರಶ್ನೆಗೆ ಇಡೀ ಸಂಜೆ ಮಾತಾಡಿದರು. ಮದುವೆಯಾದ ಮೇಲೆ ಗಂಡ ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ, ವಿಳಾಸ ಕೇಳಿದರೆ ಬರೀ "56 ಎಪಿಒ", ಸೈನ್ಯದ ಅಂಚೆ ಕಚೇರಿಯ ನಂಬರು. ಕಾಶ್ಮೀರವೋ ಪಂಜಾಬೋ ದೇವರಿಗೇ ಗೊತ್ತು. ನೀಲಿ ಇನ್‌ಲ್ಯಾಂಡ್ ಲೆಟರು ಬಂದರೆ ಪೋಸ್ಟ್‌ಮ್ಯಾನೇ ಓದಿ ಹೇಳಬೇಕಿತ್ತಂತೆ, ಅವನೆದುರು ನಾಚಿಕೆ ಆಗುತ್ತೆ ಅಂತ ಅಮ್ಮ ನಮ್ಮಕ್ಕನ ಒಂದನೇ ಕ್ಲಾಸ್ ಪುಸ್ತಕ ಇಟ್ಟುಕೊಂಡು ಓದೋದು ಕಲಿತರು. ಈ ವಿಷಯ ಅಪ್ಪಾಜಿಯ ಜೀವನಕ್ಕೆ ಸೇರಿದ್ದೋ ಅಮ್ಮನದಕ್ಕೋ? ನಾನಂತೂ ಸೇರಿಸಿದೆ. ಸೈನಿಕನ ಬಗ್ಗೆ ಬರೆಯೋರು ಮನೆ ನಡೆಸಿದ ಹೆಂಗಸಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ, ಅದು ನನಗೆ ಹಿಡಿಸಲ್ಲ.

ಬೈಸಿಕೊಂಡಿದ್ದನ್ನೂ ಬರೆಯಿರಿ. ಅಪ್ಪಾಜಿ ಒಮ್ಮೆಯೂ ನನ್ನನ್ನು ಹೊಗಳಲಿಲ್ಲ. ಬೆಳಗ್ಗೆ ಐದಕ್ಕೆ ಏಳಿಸೋರು, ಚಪ್ಪಲಿ ಸಾಲಾಗಿ ಇಲ್ಲದಿದ್ದರೆ ಹಿಂದಿಯಲ್ಲಿ ಬೈಯೋರು, ಜಾವಾ ಕೀ ನನ್ನ ಕೈಗೆ ಕೊಡುತ್ತಿರಲಿಲ್ಲ. ಆದರೆ ಅದೇ ಮನುಷ್ಯ ಅಕ್ಕನಿಗೆ ದೊಡ್ಡಕೆರೆ ಮೈದಾನದಲ್ಲಿ ಗಾಡಿ ಕಲಿಸಿದರು. ಹುಡುಗೀರು ಮೋಟಾರ್ ಸೈಕಲ್ ಓಡಿಸಿದರೆ ತಿರುಗಿ ನೋಡುವ ಕಾಲ. ನೆಂಟರು ಏನೋ ಅಂದಾಗ "ನಾಳೆ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕು ಅಂದ್ರೆ ನೀವು ಬರ್ತೀರಾ?" ಅಂತ ಕೇಳಿ ಬಾಯಿ ಮುಚ್ಚಿಸಿದರು. ನನಗೆ ಅವತ್ತು ಹೊಟ್ಟೆಕಿಚ್ಚಾಗಿತ್ತು, ಅದನ್ನೂ ಹಾಗೇ ಬರೆದೆ. ಅಕ್ಕ ಅದನ್ನು ಕೇಳಿ ನಕ್ಕಿದ್ದು ಇನ್ನೂ ನಿಂತಿಲ್ಲ.

ಇನ್ನೊಬ್ಬರು ಮೆಕ್ಯಾನಿಕ್. ನಿಮ್ಮ ತಂದೆ ಗಾಡಿ ಬಿಡುತ್ತಿದ್ದ ಗ್ಯಾರೇಜಿಗೆ ಹೋಗಿ. ಹೆಂಡತಿ ಮಕ್ಕಳ ಹತ್ತಿರ ಆಡದ ಮಾತು ಅಲ್ಲಿ ಆಡಿರುತ್ತಾರೆ, ಭಾನುವಾರ ಅರ್ಧ ದಿನ ಅಲ್ಲೇ ಕಳೆಯೋದು ಸುಮ್ನೆ ಪಾಯಿಂಟ್ ಸೆಟ್ ಮಾಡಿಸೋಕಲ್ಲ.

ಬೈಕ್ ವಿಷಯ. ಭಾವನೆ ಪಕ್ಕಕ್ಕಿಟ್ಟು ಮೊದಲು ಪೇಪರ್ ನೋಡಿ. ಆರ್‌ಸಿ ಅವರ ಹೆಸರಲ್ಲೇ ಇರುತ್ತೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು ಅನ್ನೋದು ನಿಯಮ. ನೀವು ತಡ ಮಾಡಿದ್ದೀರಿ ಅನ್ನಿಸುತ್ತೆ, ದಂಡ ಬೀಳಬಹುದು, ಆದರೂ ಈಗಲೇ ಮಾಡಿಸಿ. ಮರಣ ಪ್ರಮಾಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಳ್ಳಿ. 15 ವರ್ಷ ದಾಟಿದ ಗಾಡಿ ಆದ್ದರಿಂದ ಐದೈದು ವರ್ಷಕ್ಕೆ ರಿನೀವಲ್ ಆಗಿದೆಯಾ ಅಂತಲೂ ನೋಡಿ. 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು, ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಓಡಿಸೋ ಆಸೆ ಇದ್ದರೆ ಅದರ ಗೋಜಿಗೆ ಹೋಗಬೇಡಿ. ಇದೇ ಓಡಾಟದಲ್ಲಿ ಅಮ್ಮನ ಫ್ಯಾಮಿಲಿ ಪೆನ್ಷನ್ ಸರಿಯಾಗಿ ಶುರುವಾಗಿದೆಯಾ ನೋಡಿ. ತೊಡಕಿದ್ದರೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶದ ಕಾಗದ) ತಗೊಂಡು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ.

ವರ್ಷದಿಂದ ನಿಂತ ಗಾಡಿಗೆ ಹಾಗೇ ಕಿಕ್ ಹೊಡೆಯಬೇಡಿ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕ್ ತುಕ್ಕು ಹಿಡಿದಿದೆಯಾ ನೋಡಿ, ಕಾರ್ಬೊರೇಟರ್ ತೊಳೆಸಿ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಗಾಡಿ ಇರುವವರು ಸೇರುತ್ತಾರೆ, ಸಾಧ್ಯವಾದರೆ ತಗೊಂಡು ಹೋಗಿ. ಅಲ್ಲಿ ಬರುವ ವಯಸ್ಸಾದವರಲ್ಲಿ ನಿಮ್ಮ ತಂದೆಯನ್ನು ನೋಡಿದ್ದವರು ಸಿಕ್ಕರೂ ಸಿಗಬಹುದು.

ಮಾರಲೇಬೇಕು ಅಂತಿದ್ದರೂ ತಿಥಿ ಮುಗಿಯಲಿ, ಆರ್‌ಸಿ ನಿಮ್ಮ ಹೆಸರಿಗೆ ಬರಲಿ. ಗೇಟ್ ಹತ್ತಿರ ನಿಂತು "ಸರ್, ಗಾಡಿ ಕೊಡ್ತೀರಾ" ಅಂತ ಕೇಳೋರು ಸಾವಾದ ಮನೆಗೆ ಹೇಳುವ ರೇಟೇ ಬೇರೆ.