ಆಂಜಿಯೋಗ್ರಾಂ ನಾರ್ಮಲ್ ಬಂದ ಮೇಲೂ ಅಮ್ಮನಿಗೆ ಕಾಂಟ್ರಾಸ್ಟ್ ಎಕೋ ಯಾಕೆ? ಡೈಯಿಂದ ಕಿಡ್ನಿಗೆ ತೊಂದರೆ ಆಗಲ್ವಾ?

ನಾನು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ಕಿಡ್ನಿ ವಿಷಯ ಮೊದಲು ಹೇಳಿಬಿಡುತ್ತೇನೆ. ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಜಾಸ್ತಿ ಇದೆ, ಮತ್ತೆ ಡೈ ಹಾಕಿದರೆ ಗತಿ ಏನು ಅಂತ ಕೇಳಿದ್ದೀರಿ. ಆಂಜಿಯೋಗ್ರಾಂಗೆ ಹಾಕುವುದು ಅಯೋಡಿನ್ ಡೈ, ಅದು ಕಿಡ್ನಿ ಮೂಲಕ ಹೊರಹೋಗಬೇಕು. ಎಕೋಗೆ ಹಾಕುವುದು ಬರೀ ಗುಳ್ಳೆಗಳು. ಕೊಬ್ಬಿನದೋ ಅಲ್ಬುಮಿನ್ ಅನ್ನೋ ಪ್ರೋಟೀನ್‌ದೋ ತೆಳು ಪೊರೆ, ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಥರದ ಗ್ಯಾಸ್. ಆ ಗ್ಯಾಸ್ ಕೆಲವು ನಿಮಿಷಗಳಲ್ಲಿ ಉಸಿರಿನ ಜೊತೆ ಹೊರಗೆ ಹೋಗುತ್ತದೆ.

ಇನ್ನು ಆಂಜಿಯೋಗ್ರಾಂ ಆದ ಮೇಲೆ ಇದ್ಯಾಕೆ? ಅದರಲ್ಲಿ ಕಾಣುವುದು ಹೃದಯದ ಮೇಲೆ ಓಡುವ ದೊಡ್ಡ ರಕ್ತನಾಳಗಳು, ಅವುಗಳ ಕವಲುಗಳು. ಸ್ನಾಯುವಿನೊಳಗಿನ ತೀರಾ ಸಣ್ಣ ನಾಳಗಳು ಕಾಣುವುದಿಲ್ಲ. ಎದೆನೋವಿನ ಮೂಲ ಅಲ್ಲೇ ಇರಬಹುದು. ಗುಳ್ಳೆಗಳು ಕೆಂಪು ರಕ್ತಕಣಕ್ಕಿಂತ ಚಿಕ್ಕವು, ಹಾಗಾಗಿ ಅಲ್ಲಿಗೂ ನುಗ್ಗುತ್ತವೆ.

ನೋಡುವ ರೀತಿಯೇ ಒಂದು ಮಜಾ. ಕೈಯ ನರಕ್ಕೆ ಗುಳ್ಳೆಗಳನ್ನು ನಿಧಾನವಾಗಿ ಬಿಡುತ್ತೇವೆ. ಸ್ಕ್ರೀನಿನಲ್ಲಿ ಮೊದಲು ಹೃದಯದ ಬಲಗಡೆಯ ಕೋಣೆ ಬೆಳ್ಳಗಾಗುತ್ತದೆ, ಆಮೇಲೆ ಎಡಗಡೆಯದು, ಕೊನೆಗೆ ಹೃದಯದ ಗೋಡೆ ಮಂಜು ಕವಿದ ಹಾಗೆ ಕಾಣುತ್ತದೆ. ಆಗ ಒಂದು ಬಟನ್ ಒತ್ತಿದರೆ ಜೋರು ಅಲ್ಟ್ರಾಸೌಂಡ್ ಹೋಗಿ ಗೋಡೆಯಲ್ಲಿರುವ ಗುಳ್ಳೆಗಳೆಲ್ಲ ಒಡೆಯುತ್ತವೆ. ಗೋಡೆ ಕಪ್ಪಾಗುತ್ತದೆ. ಅಲ್ಲಿಂದ ಲೆಕ್ಕ ಶುರು. ಸುಮ್ನೆ ಮಲಗಿರುವಾಗ ಸುಮಾರು 5 ಸೆಕೆಂಡ್ ಒಳಗೆ, ಸ್ಟ್ರೆಸ್ ಕೊಟ್ಟಾಗ (ಅಂದರೆ ವ್ಯಾಯಾಮದಿಂದಲೋ ಔಷಧಿಯಿಂದಲೋ ಹೃದಯಕ್ಕೆ ಹೆಚ್ಚು ರಕ್ತ ಹರಿಯುವಂತೆ ಮಾಡಿದಾಗ) 2 ಸೆಕೆಂಡ್ ಒಳಗೆ ಗೋಡೆ ಮತ್ತೆ ತುಂಬಬೇಕು. ಒಳ ಅಂಚಿನಲ್ಲಿ ಕಪ್ಪು ಗೆರೆ ಉಳಿದುಬಿಟ್ಟರೆ ಅಲ್ಲಿಗೆ ರಕ್ತ ಸಾಲುತ್ತಿಲ್ಲ ಅಂತ ಅನುಮಾನ. ಹೀಗೆ ಒಡೆದು, ತುಂಬುವ ವೇಗ ಅಳೆಯುವುದನ್ನು ಅಮೆರಿಕದಲ್ಲಿ ಸಂಜೀವ್ ಕೌಲ್ ಅವರ ತಂಡ 1998ರಲ್ಲಿ ನಾಯಿಗಳ ಹೃದಯದಲ್ಲಿ ಮಾಡಿ ತೋರಿಸಿತ್ತು.

ಆದರೆ ನೋಡುವವರಿಗೆ ಅನುಭವ ಬೇಕು. ಪಕ್ಕೆಲುಬಿನ ನೆರಳು ಬಿದ್ದರೂ ಗೋಡೆ ಕಪ್ಪಾಗಿಯೇ ಕಾಣುತ್ತದೆ. ಎದೆಯ ಮೇಲಿಡುವ ಪ್ರೋಬ್ ಸ್ವಲ್ಪ ಸರಿಸಿದರೆ ಆ ಕಪ್ಪು ಮಾಯ!

ಅಲರ್ಜಿ ಅಪರೂಪ, ಗಂಭೀರವಾದದ್ದು ಸುಮಾರು 10,000ಕ್ಕೆ ಒಬ್ಬರಿಗೆ. ಕೆಲವು ಗುಳ್ಳೆ ಔಷಧಿಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ. ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ಖಾಲಿ ಮಾಡಿಸಲು ಕೊಡುವ ಪುಡಿಯಲ್ಲೂ ಇರುವುದು ಅದೇ. ಅಮ್ಮನಿಗೆ ಅದರಿಂದ ಯಾವಾಗಲಾದರೂ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಮುಂಚೆಯೇ ತಿಳಿಸಿ.

ಇನ್ನೊಂದು ವಿಷಯ. ಎಷ್ಟೋ ಕಡೆ ಕಾಂಟ್ರಾಸ್ಟ್ ಎಕೋ ಅಂದರೆ ಕೋಣೆಯ ಅಂಚು ಸ್ಪಷ್ಟವಾಗಿ ಕಾಣಲಿ ಅಂತ ಮಾಡುವುದಷ್ಟೇ. "ಪರ್ಫ್ಯೂಷನ್ ನೋಡುತ್ತೀರಾ, ಸ್ಟ್ರೆಸ್ ಕೊಟ್ಟು ನೋಡುತ್ತೀರಾ?" ಅಂತ ಡಾಕ್ಟರನ್ನು ಕೇಳಿ. ಪರ್ಫ್ಯೂಷನ್ ಅಂದರೆ ಮೇಲೆ ಹೇಳಿದ ಹಾಗೆ ಗೋಡೆಗೆ ರಕ್ತ ತುಂಬುವುದು. ಸಣ್ಣ ನಾಳದ ತೊಂದರೆ ಮಲಗಿದ್ದಾಗ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ.